ಬ್ರಾಂಟಿ ಕ್ರೀಕ್ ಮೇಪಲ್ ಹಬ್ಬ: ಯಾವತ್ತು ಹೋಗೋದು, ಏನು ನೋಡೋದು

ಎಲ್ರಿಗೂ ನಮಸ್ಕಾರ. ಊರಿಂದ ಬಂದಿರೋ ಅಪ್ಪ-ಅಮ್ಮನ್ನ ಕೆನಡಾದ ಓಕ್‌ವಿಲ್ ಹತ್ರದ ಬ್ರಾಂಟಿ ಕ್ರೀಕ್ ಪಾರ್ಕಿನ ಮೇಪಲ್ ಹಬ್ಬಕ್ಕೆ ಕರ್ಕೊಂಡು ಹೋಗ್ಬಹುದಾ, ಶನಿವಾರನಾ ಭಾನುವಾರನಾ ಅಂತ ಕೇಳಿದ್ರಲ್ಲ. ಮೇಪಲ್ ಮರಕ್ಕೆ ತೂತು ಕೊರೆದು, ತೊಟ್ಟಿಕ್ಕೋ ರಸನ ಕುದಿಸಿ ಸಿಹಿ ಸಿರಪ್ ಮಾಡೋದನ್ನ ಅಲ್ಲಿ ತೋರಿಸ್ತಾರೆ. ಸ್ವಲ್ಪ ಉದ್ದ ಆಗತ್ತೆ, ಕೇಳಿಸ್ಕೊಳ್ಳಿ.

ವಾರ ನೋಡ್ಬೇಡಿ, ಹವಾಮಾನ ನೋಡಿ. ರಾತ್ರಿ ಮೈನಸ್ 5, ಮಧ್ಯಾಹ್ನ ಪ್ಲಸ್ 5ರ ಆಸುಪಾಸು ಇರೋ ದಿನ ಆರ್ಸ್ಕೊಳ್ಳಿ. ರಾತ್ರಿ ಹೆಪ್ಪುಗಟ್ಟುವಾಗ ಮರ ಬೇರಿಂದ ನೀರೆಳ್ಕೊಳತ್ತೆ, ಹಗಲು ಕರಗಿದಾಗ ಒಳಗೆ ಒತ್ತಡ ಏರಿ ರಸ ಹೊರಗೆ ತೊಟ್ಟಿಕ್ಕತ್ತೆ. ಇಡೀ ದಿನ ಮೈನಸ್ಸಲ್ಲೇ ಇದ್ರೆ ಏನೂ ಬರಲ್ಲ, ರಾತ್ರಿನೂ ಬೆಚ್ಚಗಿದ್ರೆ ನಿಂತ್ಹೋಗತ್ತೆ. ಅದಕ್ಕೇ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ ಮೊದ್ಲು ಪ್ಯಾನ್‌ಕೇಕ್ ಕ್ಯೂ ಮುಗಿಸಿ (ಮೊಟ್ಟೆ ತಿನ್ನದವರು ಕೇಳಿ ತಗೊಳ್ಳಿ), 1899ರ ಸ್ಪ್ರೂಸ್ ಲೇನ್ ಫಾರ್ಮ್‌ಹೌಸ್ ನೋಡಿ, ಮರಗಳ ಹತ್ರ ಮಧ್ಯಾಹ್ನ ಹೋಗಿ. ಹಿಮ ಕರಗಿ ಕೆಸರಾಗಿರತ್ತೆ, ಅಮ್ಮನಿಗೆ ಚಪ್ಪಲಿ ಬೇಡ, ಬೂಟೇ ಹಾಕ್ಸಿ.

ಮರದಲ್ಲಿ ಗಮನಿಸಿ: ಎದೆಮಟ್ಟದಲ್ಲಿ ಕಾಂಡ 25-30 ಸೆಂಟಿಮೀಟರ್ ಅಡ್ಡಳತೆ ಆಗೋವರೆಗೂ ಕೊರೆಯೋ ಹಾಗಿಲ್ಲ. ತೂತು ಒಂದೂವರೆ-ಎರಡು ಇಂಚು ಆಳ, ರಸ ಹೊರಕ್ಕೆ ಜಾರೋ ಹಾಗೆ ಒಳಮುಖಕ್ಕೆ ಚೂರು ಏರು. ಮುಂದಿನ ವರ್ಷ ಬೇರೆ ಜಾಗ, ಯಾಕಂದ್ರೆ ಹಳೇ ತೂತಿನ ಮೇಲೂ ಕೆಳಗೂ ಉದ್ದಕ್ಕೆ ಮರ ಸತ್ತಿರತ್ತೆ, ಅಲ್ಲಿಂದ ರಸ ಬರಲ್ಲ.

ಅಪ್ಪನಿಗೆ ಇಷ್ಟ ಆಗೋದು ಕುದಿಸೋ ಜಾಗ. ಆಲೆಮನೆ ಕಂಡವರಿಗೆ ಹೊಗೆ, ನೊರೆ, ಹದ ಕಾಯೋದು ಎಲ್ಲ ಗೊತ್ತಿರೋದೇ. ಆದ್ರೆ ಕಬ್ಬಿನ ಹಾಲಲ್ಲಿ ಸಕ್ಕರೆ ನೂರಕ್ಕೆ 15ರ ಮೇಲಿದ್ರೆ ಇದರಲ್ಲಿ ಬರೀ 2. 40 ಲೀಟರ್ ಕುದ್ದು 1 ಲೀಟರ್ ಸಿರಪ್! ಅಡುಗೆಮನೇಲಿ ಮಾಡೋಣ ಅಂತ ಯಾರಾದ್ರೂ ಅಂದ್ರೆ, ಉಳಿದ 39 ಲೀಟರ್ ಹಬೆ ಗೋಡೆಗೆ ಅಂಟತ್ತೆ ಅಂತ ಹೇಳ್ಬಿಡಿ. ನೀರು ಕುದಿಯೋ ಶಾಖಕ್ಕಿಂತ 4 ಡಿಗ್ರಿ ಜಾಸ್ತಿ, ಅಂದ್ರೆ 104 ಡಿಗ್ರಿಗೆ ಹದ, 66 ಬ್ರಿಕ್ಸ್ (ಅಂದ್ರೆ ತೂಕದಲ್ಲಿ ನೂರಕ್ಕೆ ಸುಮಾರು 66 ಸಕ್ಕರೆ). ಅದಕ್ಕಿಂತ ತೆಳು ಇದ್ರೆ ಕೆಡತ್ತೆ, ಗಟ್ಟಿಯಾದ್ರೆ ಬಾಟ್ಲಿ ತಳದಲ್ಲಿ ಹರಳು ಕಟ್ಟತ್ತೆ. ಕೊನೇಲಿ ಕಣ್ಣು ತಪ್ಪಿದ್ರೆ ಸೀದೇ ಹೋಯ್ತು. ನೊರೆ ಉಕ್ಕಿದ್ರೆ ಚೂರು ಬೆಣ್ಣೆ ಹಾಕೋ ಪದ್ಧತಿ ಇದೆ, ವೀಗನ್ ಇರೋರು ವಿಚಾರಿಸಿ. ಬಿಸಿ ಇರುವಾಗ್ಲೇ ಫೆಲ್ಟ್ ಬಟ್ಟೇಲಿ ಸೋಸ್ತಾರೆ, ಇಲ್ದಿದ್ರೆ ಶುಗರ್ ಸ್ಯಾಂಡ್ ಅನ್ನೋ ಖನಿಜದ ಗಸಿ ಉಳಿದು ನಾಲಿಗೆಗೆ ಮರಳು ಸಿಕ್ಕ ಹಾಗಾಗತ್ತೆ.

ಕೊಳ್ಳುವಾಗ ತಿಳಿ ಬಣ್ಣದ್ದೇ ಶ್ರೇಷ್ಠ ಅಂತ ಮೋಸ ಹೋಗ್ಬೇಡಿ. ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ನಾಲ್ಕೂ ಗ್ರೇಡ್ ಎ. ಸಾಮಾನ್ಯವಾಗಿ ಋತುವಿನ ಶುರುಲಿ ತಿಳಿ, ಬೆಚ್ಚಗಾಗ್ತಾ ಗಾಢ. ದೋಸೆಗೆ ಡಾರ್ಕೇ ಸರಿ, ಗೋಲ್ಡನ್ ರುಚಿ ದೋಸೆ ಹುಳೀಲಿ ಮುಳುಗೋಗತ್ತೆ. ಅಂಗಡೀಲಿ ಟೇಬಲ್ ಸಿರಪ್ ಅಂತ ಬರ್ದಿರೋದು ಮೇಪಲ್ಲೇ ಅಲ್ಲ, ಹೆಚ್ಚಾಗಿ ಕಾರ್ನ್ ಸಿರಪ್.

ಬೆಂಗಳೂರಿಗೆ ಒಯ್ಯೋದಾದ್ರೆ ಟಿನ್ ಡಬ್ಬಿ ತಗೊಂಡು ಚೆಕ್-ಇನ್ ಲಗೇಜಿಗೆ ಹಾಕಿ, ಕೈಚೀಲದಲ್ಲಿ 100 ಎಂಎಲ್ ದಾಟಿದ್ರೆ ಬಿಡಲ್ಲ. ತೆರೆದ ಮೇಲೆ ಬಾಟ್ಲಿಗೆ ಸುರಿದು ಫ್ರಿಜ್ಜಲ್ಲಿಡೋಕೆ ಹೇಳಿ, ಹೊರಗಿಟ್ರೆ ಬೂಷ್ಟು ಬರತ್ತೆ.