ಕ್ಯೋಟೋದಾಗ ಗೇಶಾ ಫೋಟೋ ತಗೀಬೇಕಂದ್ರ ಎಲ್ಲಿ ನಿಂದರಬೇಕ್ರಿ?

ತಿಳಕವಾಡಿ ಕ್ಯಾಮರಾ (ಬೆಳಗಾವಿ):
ನಮಸ್ಕಾರ್ರಿ ಎಲ್ಲಾರಿಗೂ. ಏಪ್ರಿಲ್ ಎರಡನೇ ವಾರ ನಾನು ನಮ್ಮ ಮನಿಯವ್ರು ಜಪಾನಿಗೆ ಹೊಂಟೀವಿ, ಟೋಕಿಯೋ ಮೂರು ದಿನ, ಕ್ಯೋಟೋ ನಾಕು ದಿನ. ಹದಿನೈದು ವರ್ಷದಿಂದ ಜಾತ್ರಿ, ಮದಿವಿ, ಕುಸ್ತಿ ಕಣ ಎಲ್ಲಾ ಫೋಟೋ ತಗದಾಂವ ನಾ, ಗೇಶಾ ಅಂತ ಅಲ್ಲಿ ಕುಣಿತ-ಹಾಡಿನ ಕಲಾವಿದೆಯರು ಇರ್ತಾರಲ್ರಿ, ಆ ಹೆಣ್ಮಕ್ಕಳದು ಒಂದರೆ ಚಲೋ ಫೋಟೋ ತಗೀಬೇಕಂತ ಭಾಳ ದಿನದ ಆಸೆ. ಗಿಯೋನ್ ಅನ್ನೋ ಓಣ್ಯಾಗ ಸಂಜಿಮುಂದ ನಿಂತ್ರ ಸಿಗ್ತಾರ ಅಂತ ಯೂಟ್ಯೂಬ್‌ನಾಗ ಹೇಳ್ತಾರ. ದೂರದ್ದನ್ನ ಹತ್ರ ತರೋ 70-200 ಲೆನ್ಸ್ ಒಯ್ಯೂದೋ, ಹತ್ರದಿಂದ ತಗಿಯೋ 35 ಸಾಕೋ? ದಂಡ ಹಾಕ್ತಾರಂತನೂ ಯಾರೋ ಅಂದ್ರು, ಖರೇ ಏನ್ರಿ?

ವಿಜಯಪುರದಾಕಿ:
ದಂಡದ ಮಾತು ಖರೇ ಐತ್ರಿ ಅಣ್ಣಾರ. ಹನಾಮಿಕೋಜಿ ಅಂತ ಗಿಯೋನ್‌ದ ದೊಡ್ಡ ಬೀದಿ ಐತಿ, ಅಲ್ಲೆ ಯಾರು ಬೇಕಾದ್ರೂ ಅಡ್ಡಾಡಬಹುದು. ಆದ್ರ ಅದರ ಎಡಕ ಬಲಕ ಇರೋ ಸಂದಿಗೋಳು ಅಲ್ಲಿ ಮಂದೀ ಸ್ವಂತದ್ದು. ಅಲ್ಲೆ ಫೋಟೋ ತಗದ್ರ 10,000 ಯೆನ್ ಅಂತ 2019ರಾಗ ಬೋರ್ಡ್ ಹಾಕಿದ್ರು, ನಮ್ಮ ಲೆಕ್ಕದಾಗ ಐದಾರು ಸಾವಿರ ರೂಪಾಯಿ. ಆದ್ರೂ ಮಂದಿ ಕೇಳ್ಲಿಲ್ಲ, ಗೇಶಾಗೋಳ ಕಿಮೋನೋ ಹಿಡದು ಜಗ್ಗೂದು, ದಾರಿಗೆ ಅಡ್ಡ ನಿಂದ್ರೂದು ನಡದ ಇತ್ತು, ಕಡೀಕ 2024ರಾಗ ಆ ಸಂದಿಯೊಳಗ ಟೂರಿಸ್ಟ್ ಮಂದಿ ಕಾಲಿಡೂದ ಬ್ಯಾಡ ಅಂದ್ರು.

ನಾ ಹೋದಾಗ ಆ ಬೀದಿ ಮೂಲ್ಯಾಗ ಇಚಿರಿಕಿ ಅಂತ ಹಳೇ ಚಹಾಮನಿ ಐತಲ್ರಿ, ಕೆಂಪು ಗ್ವಾಡಿದು, ಅದರ ಹಂತ್ಯಾಕ ಆರಕ್ಕ ಹತ್ತು ನಿಮಿಷ ಕಡಿಮಿ ಇದ್ದಾಗ ನಿಂತಿದ್ದೆ. ಮೊದಲ ಸಪ್ಪಳ ಬಂತು, ಎತ್ತರದ ಕಟ್ಟಿಗಿ ಹಾವುಗಿ ಕಲ್ಲಿನ ಮ್ಯಾಲೆ ಬಡಿಯೂದು, ಆಮ್ಯಾಲೆ ಆ ಹುಡುಗಿ. ಹದಿನೇಳು ಹದಿನೆಂಟರ ವಯಸ್ಸು. ಇಪ್ಪತ್ತು ಫೋನ್ ಒಮ್ಮಿಗೇ ಎದ್ದುವು, ಅದರಾಗ ನಂದೂ ಒಂದು. ಆಕಿ ತಲಿ ತಗ್ಗಿಸಿ, ಓಡಾಕ ಆಗದ ಆ ಹಾವುಗ್ಯಾಗ ಎಷ್ಟು ಜೋರ ನಡೀಬಹುದೋ ಅಷ್ಟು ಜೋರ ನಡದ್ಲು. ನಮ್ಮ ಕಡೆ ಸಂತಿಗೆ ಬಂದ ಲಂಬಾಣಿ ಹೆಂಗಸ್ರ ಮಾರಿಗೆ ಹೊರಗಿನವ್ರು ಕ್ಯಾಮರಾ ಹಿಡದಾಗ ಅವರು ಸೆರಗು ಎಳಕೊಳ್ಳೂದನ್ನ ನೋಡಿ ಬೆಳದಾಕಿ ನಾ, ಅಷ್ಟು ದೂರ ಹೋಗಿ ನಾನೂ ಅದನ್ನ ಮಾಡಿದೆ. ಆ ಫೋಟೋ ಯಾರಿಗೂ ತೋರಿಸಿಲ್ರಿ.

ತಿಳಕವಾಡಿ ಕ್ಯಾಮರಾ:
ಅಕ್ಕಾರ, ನೀವು ಇಷ್ಟು ಬಿಚ್ಚಿ ಹೇಳಿದ್ದು ಚಲೋ ಆತು. ಹಂಗಾರ ಆಸೆ ಬಿಟ್ಟಬಿಡೂದನ?

ಇಳಕಲ್ಲ ಮಗ್ಗದ ಮನಿ:
ಬಿಡಬ್ಯಾಡ್ರಿ ಸರ, ಜಾಗಾ ಬದಲ ಮಾಡ್ರಿ. ಅವರು ಕೆಲಸಕ್ಕ ಹೊಂಟ ದಾರ್ಯಾಗ ಅಡ್ಡ ನಿಂದ್ರೂದಕ್ಕಿಂತ ಅವರಾಗೇ ಮಂದೀ ಮುಂದ ಬರೋ ಕಡೆ ಹೋಗ್ರಿ. ನೀವು ಹೋಗೂದು ಏಪ್ರಿಲ್, ಆ ತಿಂಗಳು ಗಿಯೋನ್ ಕೋಬು ರಂಗಮಂದಿರದಾಗ ಮಿಯಾಕೋ ಓದೋರಿ ನಡೀತೈತಿ, 1872ರಾಗ ಸುರು ಆದ ಕುಣಿತ. ಚಹಾದ್ದೂ ಸೇರಿದ ಟಿಕೆಟ್ ತಗೋರಿ, ಕುಣಿತಕ್ಕಿಂತ ಮೊದಲ ಅವರ ಎದುರಿಗೇ ಕುಂತು ಚಹಾ ಮಾಡೂದು ನೋಡಬಹುದು, ತಿಂಡಿ ಕೊಟ್ಟ ಸಣ್ಣ ತಟ್ಟಿ ನಿಮಗೇ. ಆಟ ನಡದಾಗ ಫೋಟೋ ತಗಿಯಂಗಿಲ್ಲ, ಅದನ್ನ ಕಣ್ಣಾಗ ತುಂಬಕೊಂಡು ಬರ್ರಿ.

ಫೆಬ್ರವರಿ 25ಕ್ಕ ಹೋಗೂದಿದ್ರ ಕಿತಾನೋ ತೆನ್ಮಾಂಗು ಗುಡ್ಯಾಗ ಪ್ಲಮ್ ಹೂವಿನ ಹಬ್ಬ, ಕಾಮಿಶಿಚಿಕೆನ್ ಅನ್ನೋ ಇನ್ನೊಂದು ಗೇಶಾ ಓಣಿಯವ್ರು ಬೈಲಾಗ ಚಹಾ ಕೊಡ್ತಾರ, ನಿಮ್ಮಂಥಾ ಕ್ಯಾಮರಾದವ್ರು ಸಾಲಾಗಿ ನಿಂತಿರ್ತಾರ. ಆ ಓಣಿ ಹಂತ್ಯಾಕ ನಿಶಿಜಿನ್ ಐತಿ, ಅಲ್ಲಿಯವ್ರೂ ನಮ್ಮಂಗ ನೇಕಾರ್ರು, ನಾ ಹೋಗಿದ್ದ ಅದಕ್ಕ. ಕಲಿಯೋ ಹುಡುಗಿಗೆ ಮೈಕೋ ಅಂತಾರ, ಪೂರಾ ಕಲ್ತಾಕಿಗೆ ಕ್ಯೋಟೋದಾಗ ಗೇಯ್ಕೋ. ಮೈಕೋ ಬೆನ್ನ ಹಿಂದ ನಡುಪಟ್ಟಿ ಹಿಮ್ಮಡಿ ಮಟಾ ಇಳಿಬಿಟ್ಟಿರ್ತದ, ಐದಾರು ಮೀಟರ್ ಉದ್ದದ್ದು, ಅದರ ತುದ್ಯಾಗ ಆಕಿ ಇರೋ ಮನಿ ಗುರುತು ನೇದಿರ್ತಾರ. ಟೋಪತೆನಿ ಸೆರಗು ನೋಡಿ ಇದು ಇಳಕಲ್ಲ ಸೀರಿ ಅಂತ ನಾವು ಹೇಳ್ತೀವಲ್ರಿ, ಹಂಗ ಅಲ್ಲಿ ಪಟ್ಟಿ ತುದಿ ನೋಡಿದ್ರ ಯಾವ ಮನಿ ಹುಡುಗಿ ಅಂತ ತಿಳೀತದ. ಮೈಕೋಗೆ ಸ್ವಂತ ಕೂದಲಿನ ತುರುಬು, ಅದು ಕೆಡಬಾರದಂತ ಎತ್ತರದ ದಿಂಬಿನ ಮ್ಯಾಲೆ ಕುತಗಿ ಇಟ್ಟು ಮಲಗ್ತಾಳ. ಗೇಯ್ಕೋ ಆದ್ಮ್ಯಾಲೆ ವಿಗ್, ಬಿಳಿ ಕಾಲರ್.

ಹಗಲಹೊತ್ತು ಗುಡಿ ಮುಂದ ನಿಂತು ಆರಾಮ ಪೋಸ್ ಕೊಡೋವ್ರು ಹೆಚ್ಚಾಗಿ ಬಾಡಿಗಿ ವೇಷದ ಟೂರಿಸ್ಟ್ರು. ಅಂಥಾ ಸ್ಟುಡಿಯೋಗೋಳು ಭಾಳ ಅದಾವು, ನಿಮ್ಮ ಮನಿಯವ್ರು ಒಪ್ಪಿದ್ರ ಅವರಿಗೇ ವೇಷ ಹಾಕಿಸಿ ಮನಸಾರೆ ಫೋಟೋ ತಗೀರಿ.

ಬಾಗಲಕೋಟಿ ರಂಗ:
ಒಂದು ಮಾತು ಸೇರಸ್ತೀನಿ. ಗೇಶಾ ಅಂದಕೂಡ್ಲೆ ಕಿಸಕ್ಕನ ನಗೋ ಮಂದಿ ನಮ್ಮ ಕಡೆ ಇನ್ನೂ ಅದಾರ. ಪಾರಿಜಾತದಾಗ ಪಾತ್ರ ಮಾಡೋ ಹೆಣ್ಮಕ್ಕಳ ಬಗ್ಗೆ ಹಗರ ಮಾತಾಡಿದ್ದನ್ನ ಕೇಳಿ ಬೆಳದಾಂವ ನಾ, ಅದಕ್ಕ ಸಿಟ್ಟು ಬರ್ತದ. ಹದಿನೈದು ಹದಿನಾರಕ್ಕ ಮನಿ ಬಿಟ್ಟು ಬಂದು ಸುಮಾರು ಐದು ವರ್ಷ ಕುಣಿತ, ಶಾಮಿಸೆನ್ ಅನ್ನೋ ಮೂರು ತಂತಿ ವಾದ್ಯ, ಹಾಡು, ಚಹಾ ಪದ್ಧತಿ ಎಲ್ಲಾ ಕಲೀತಾರ. ಬಣ್ಣ ಹಚ್ಚಿಕೊಂಡು ರಂಗದ ಕಡೆ ಹೊಂಟ ಕಲಾವಿದೆನ್ನ ದಾರ್ಯಾಗ ನಿಂದ್ರಸಬಾರದ್ರಿ, ಅಷ್ಟ.

ತಿಳಕವಾಡಿ ಕ್ಯಾಮರಾ:
ಎಲ್ಲಾರಿಗೂ ಶರಣ್ರಿ. 70-200 ಮನ್ಯಾಗ ಬಿಡ್ತೀನಿ, 35 ಒಂದ ಒಯ್ತೀನಿ. ಚಹಾದ ಟಿಕೆಟ್ ಇವತ್ತ ನೋಡ್ತೀನಿ. ಆ ತಟ್ಟಿ ಕೇಳಿ ತಗೋಬೇಕೇನ್ರಿ?

ಇಳಕಲ್ಲ ಮಗ್ಗದ ಮನಿ:
ಕೇಳೂದ ಬ್ಯಾಡ್ರಿ, ಅದು ನಿಮಗ ಕೊಟ್ಟದ್ದ. ಕರವಸ್ತ್ರದಾಗ ಸುತ್ತಿಕೊಂಡು ಬರ್ರಿ, ಒಡದೀತು.