ಸೆಲ್ಫ್ ರೆಫರಲ್‌ಗೆ ಕನ್ನಡ ಬೇಕು, ಜೊತೆಗೆ 'ಅತ್ತೆ'ಯ ತೊಡಕು

ನಮಸ್ಕಾರ. ನಾಳೆ ರಾತ್ರಿಯೊಳಗೆ ಬೇಕಿತ್ತು. ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದ ಸಂಚಿಕೆಗೆ, ಮೆಡಿಕೇರ್ (ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಪಡೆಯುವ ಹಿರಿಯರಿಗಾಗಿ, ಅಲ್ಲಿನ ಸ್ಟಾರ್ಕ್ ಕಾನೂನಿನ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. 1989ರದ್ದು. ಕ್ಯಾಲಿಫೋರ್ನಿಯಾದ ಸಂಸದ ಪೀಟ್ ಸ್ಟಾರ್ಕ್ ಹೆಸರು ಅಂಟಿಕೊಂಡಿದೆ. ಡಾಕ್ಟರಿಗೋ ಅವರ ಹತ್ತಿರದ ನೆಂಟರಿಗೋ ಪಾಲಿರುವ ಲ್ಯಾಬಿಗೆ ಮೆಡಿಕೇರ್ ರೋಗಿಯನ್ನು ಕಳಿಸುವಂತಿಲ್ಲ, ಕೆಲವು ವಿನಾಯಿತಿ ಬಿಟ್ಟರೆ. 1993ರಲ್ಲಿ ಸ್ಕ್ಯಾನಿಂಗ್, ಫಿಸಿಯೋಥೆರಪಿ ಎಲ್ಲ ಸೇರಿಕೊಂಡವು.

ಹೀಗೆ ಕಳಿಸುವುದೇ ಸೆಲ್ಫ್ ರೆಫರಲ್. ಅದಕ್ಕೆ 'ಸ್ವಯಂ ಶಿಫಾರಸು' ಎಂದು ಬರೆದೆ. ಅಮ್ಮ ಓದಿ, "ಡಾಕ್ಟರು ತನ್ನನ್ನೇ ಹೊಗಳಿಕೊಳ್ಳೋದಾ?" ಎಂದರು.

ಇನ್ನೊಂದು ತೊಡಕು, ಹತ್ತಿರದ ನೆಂಟರು ಯಾರೆಂದು ಕಾನೂನು ಕೊಡುವ ಪಟ್ಟಿ. ಅದರಲ್ಲಿ ಗಂಡ ಅಥವಾ ಹೆಂಡತಿಯ ತಾಯಿ ಇದ್ದಾರೆ, ಅಪ್ಪನ ತಂಗಿ ಇಲ್ಲ. ನಮಗೆ ಇಬ್ಬರೂ ಅತ್ತೆ! ಷಡ್ಡಕನನ್ನು ಎಲ್ಲಿಡಲಿ?

> 'ಸ್ವಯಂ ಶಿಫಾರಸು'

ಒಂದು ಸಂಸ್ಕೃತ, ಒಂದು ಪಾರಸಿ. ಕನ್ನಡ ಎಲ್ಲಿದೆ? 'ತನ್ಗಳುಹು' ಎನ್ನಿ. ಮತ್ತೆ, ಪಟ್ಟಿಯಲ್ಲಿ 'ಭಾವ' ಬಂದರೆ 'ಬಾವ' ಎಂದೇ ಬರೆಯಿರಿ. ನಮ್ಮ ಬಾಯಲ್ಲಿ ಇಲ್ಲದ ಮಹಾಪ್ರಾಣ ಕಾಗದದ ಮೇಲೆ ಯಾಕೆ?

> 'ತನ್ಗಳುಹು' ಎನ್ನಿ

ಇದನ್ನು ಓದಿದ ಹಿರಿಯರು ನೇರ ಡಾಕ್ಟರ ಹತ್ತಿರ ಹೋಗಬೇಕಾಗುತ್ತದೆ. ಪಾರಸಿಯಲ್ಲಿ ಸಿಫಾರಿಶ್‌ನ ಬೇರು 'ಒಪ್ಪಿಸು' ಎಂಬ ಅರ್ಥದ್ದು. ರೋಗಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸೋದು, ಅಷ್ಟೇ ಅಲ್ವಾ? ಪದ ಸರಿಯಾಗೇ ಇದೆ, ನಾವು ಅದನ್ನು ವಶೀಲಿಗೆ ಬಳಸಿ ಕೆಡಿಸಿದೆವು. ಪಾರಸಿ ಬೇಡ ಎನ್ನುವವರು ವಕೀಲ, ಅರ್ಜಿ, ಜಾಮೀನು ಎಲ್ಲ ಬಿಟ್ಟು ಒಂದು ದಿನ ಕೋರ್ಟಿಗೆ ಹೋಗಿ ಬರಲಿ.

ಬೇರು ಅಗೆಯೋದು ಆಮೇಲೆ. ಕೇಳಿದವರ ಪುಟ ನಾಳೆ ಅಚ್ಚಿಗೆ ಹೋಗಬೇಕು. ಒಂದೇ ಪದ ಬೇಡ, 'ತಮ್ಮವರ ಲ್ಯಾಬಿಗೆ ಕಳಿಸುವುದು' ಎಂದು ಬಿಡಿಸಿ ಬರೆಯಿರಿ. 'ಅಣ್ಣ ತಮ್ಮ' ಕೂಡ ಬೇಡ. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ, ಆ ಪಟ್ಟಿಯಲ್ಲಿ ಅವನಿಲ್ಲ. 'ಒಡಹುಟ್ಟಿದವರು' ಸರಿಹೋಗುತ್ತದೆ. ಮಲಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು ಇದ್ದಾರೆ, ಬಿಡಬೇಡಿ. ಅತ್ತೆ, ಮಾವ ಎರಡನ್ನೂ ಬಿಡಿಸಿ 'ಹೆಂಡತಿಯ ತಂದೆ' ಎಂಬಂತೆ ಬರೆಯಿರಿ. ಸೋದರಮಾವ ಪಟ್ಟಿಯಲ್ಲಿಲ್ಲ. ಆದರೆ ಅವನ ಮಗಳನ್ನೇ ಡಾಕ್ಟರು ಮದುವೆಯಾದರೆ? ನಿನ್ನೆವರೆಗೆ ಮಾವನ ಲ್ಯಾಬಿಗೆ ಕಳಿಸಬಹುದಿತ್ತು, ತಾಳಿ ಕಟ್ಟಿದ ಮೇಲೆ ಆಗಲ್ಲ. ಮಾವ ಅದೇ ಮಾವ! ಗೊತ್ತಿರಲಿಲ್ಲ ಎಂದರೂ ಮೆಡಿಕೇರ್ ಹಣ ವಾಪಸ್ ಕೊಡಬೇಕು, ಅದಕ್ಕೇ ಇಷ್ಟು ಕೊರೆದೆ.

ಸುಮ್ನೆ 'ಕಮಿಷನ್ ತಡೆ ಕಾನೂನು' ಎಂದರೆ ಮುಗೀತಲ್ಲ.

> ಕಮಿಷನ್

ತಪ್ಪು. ಇಲ್ಲಿ ಕಮಿಷನ್ ಕೊಡಲೇಬೇಕೆಂದಿಲ್ಲ, ಪಾಲಿದ್ದರೇ ಸಾಕು. ಕಮಿಷನ್ ಬೇಡ ಎಂದದ್ದು ಭಾರತದ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮ. ಬೇರೆ ದೇಶ, ಬೇರೆ ವಿಷಯ.

> ತಮ್ಮವರ ಲ್ಯಾಬಿಗೆ

'ಲ್ಯಾಬ್' ಯಾವ ಕನ್ನಡ?

ಎಲ್ಲರಿಗೂ ಥ್ಯಾಂಕ್ಸ್. 'ತಮ್ಮವರ ಲ್ಯಾಬಿಗೆ ಕಳಿಸುವುದು' ಎಂದೇ ಹಾಕಿದೆ. ಲ್ಯಾಬ್ ಲ್ಯಾಬೇ. ಷಡ್ಡಕನ ವಿಷಯ ಯಾರೂ ಹೇಳಲಿಲ್ಲ.