ಬಯೋಫ್ಯೂಯಲ್ ಸೆಲ್ ಪ್ಯಾಚ್: ಲೋಡ್ ಹಾಕಿದ ಕೂಡಲೇ ವೋಲ್ಟೇಜ್ ಕುಸಿಯುತ್ತಿದೆ

ಪ್ರಶ್ನೆ
ನಮಸ್ಕಾರ. ಪ್ರಾಜೆಕ್ಟ್‌ಗಾಗಿ ಚರ್ಮಕ್ಕೆ ಅಂಟಿಸುವ ಪ್ಯಾಚ್‌ನ ಮಾದರಿ ಮಾಡುತ್ತಿದ್ದೇನೆ. 2015ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ತೋರಿಸಿದ ಬಗೆಯದು. ಬ್ಯಾಟರಿ ಇಲ್ಲ. ಜೆಲ್‌ನಲ್ಲಿರುವ ಫ್ರಕ್ಟೋಸ್‌ನಿಂದ ಕರೆಂಟ್ ಹುಟ್ಟುತ್ತದೆ, ಆ ಕರೆಂಟೇ ಮದ್ದನ್ನು ಚರ್ಮದೊಳಕ್ಕೆ ತಳ್ಳುತ್ತದೆ. ಸೂಜಿಗೆ ಹೆದರುವವರಿಗೆ ಎಷ್ಟು ಅನುಕೂಲ ಅಲ್ವಾ? ಫ್ರಕ್ಟೋಸ್‌ನಿಂದ ಎಲೆಕ್ಟ್ರಾನ್ ಪಡೆಯುವ ಆನೋಡ್‌ಗೆ ಫ್ರಕ್ಟೋಸ್ ಡಿಹೈಡ್ರೋಜಿನೇಸ್, ಅದನ್ನು ಆಮ್ಲಜನಕಕ್ಕೆ ಕೊಡುವ ಕ್ಯಾಥೋಡ್‌ಗೆ ಬಿಲಿರುಬಿನ್ ಆಕ್ಸಿಡೇಸ್ ಎಂಬ ಕಿಣ್ವಗಳನ್ನು ಹಾಕಿದ್ದೇನೆ. ಎರಡೂ ಕಾರ್ಬನ್ ಬಟ್ಟೆಯ ಮೇಲೆ.

ಮಲ್ಟಿಮೀಟರ್ ಇಟ್ಟರೆ 0.62 ವೋಲ್ಟ್ ಬರುತ್ತದೆ. 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಎರಡೇ ನಿಮಿಷದಲ್ಲಿ 0.15. ಕಿಣ್ವ ಹಾಳಾಗಿದೆಯಾ? ತುಂಬಾ ದುಬಾರಿ, ಮತ್ತೆ ತರಿಸುವುದು ಕಷ್ಟ.

ಉತ್ತರ 1
ಫ್ರಿಜ್‌ನಿಂದ ಎಷ್ಟು ಹೊತ್ತು ಹೊರಗಿತ್ತು? ಈ ಬಿಸಿಲಲ್ಲಿ ಕಿಣ್ವ ಬೇಗ ಸೊರಗುತ್ತದೆ.

ಪ್ರಶ್ನೆ ಕೇಳಿದವರು
ಹೊರಗಿಟ್ಟಿಲ್ಲ ಸರ್. ಐಸ್ ಮೇಲಿಟ್ಟೇ ಕೆಲಸ ಮಾಡಿದೆ.

ಉತ್ತರ 2
ಸುಮ್ನೆ ಹೊಸ ಕಿಣ್ವ ತರಿಸಬೇಡಿ. ಮಲ್ಟಿಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ, ಹಾಗಾಗಿ 0.62 ನೋಡಿ ಸೆಲ್ ಚೆನ್ನಾಗಿದೆ ಎನ್ನಲಾಗದು. ಮೊದಲು ಯಾವ ಕಡೆ ಕುಸಿಯುತ್ತಿದೆ ಎಂದು ಹಿಡಿಯಿರಿ. ಜೆಲ್‌ಗೆ ಒಂದು ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ (ಹೋಲಿಸಿ ಅಳೆಯಲು ಇಡುವ, ತಾನು ಅಲುಗದ ಎಲೆಕ್ಟ್ರೋಡ್) ತಾಗಿಸಿ. ಲೋಡ್, ಅಂದರೆ ಆ ರೆಸಿಸ್ಟರ್, ಇರುವಾಗಲೇ ಆನೋಡ್, ಕ್ಯಾಥೋಡ್ ಎರಡನ್ನೂ ಅದಕ್ಕೆ ಬೇರೆಬೇರೆಯಾಗಿ ಅಳೆಯಿರಿ. ಮತ್ತೆ, ಪ್ಯಾಚ್‌ನ ಮೇಲೆ ಏನು ಮುಚ್ಚಿದ್ದೀರಿ?

ಪ್ರಶ್ನೆ ಕೇಳಿದವರು
ಅಳೆದೆ ಮೇಡಂ. ಆನೋಡ್ ಅಷ್ಟಾಗಿ ಅಲುಗಲಿಲ್ಲ, ಕ್ಯಾಥೋಡ್ ಒಂದೇ ಸಮನೆ ಇಳಿಯಿತು. ಜೆಲ್ ಒಣಗದಿರಲಿ ಎಂದು ಮೇಲೆ ಪೂರ್ತಿ ವಾಟರ್‌ಪ್ರೂಫ್ ಪ್ಲಾಸ್ಟರ್ ಹಾಕಿದ್ದೇನೆ.

ಉತ್ತರ 2
ಅದೇ ಕಾರಣ. ಕ್ಯಾಥೋಡ್‌ಗೆ ಉಸಿರು ಕಟ್ಟಿದೆ. ಅಲ್ಲಿ ಆಮ್ಲಜನಕದ ಒಂದೊಂದು ಅಣುವೂ ನಾಲ್ಕು ಎಲೆಕ್ಟ್ರಾನ್ ಪಡೆದು ನೀರಾಗಬೇಕು. ಜೆಲ್‌ನಲ್ಲಿ ಕರಗಿರುವ ಆಮ್ಲಜನಕ ಗಾಳಿಯಲ್ಲಿರುವುದಕ್ಕಿಂತ ಸುಮಾರು 30 ಪಟ್ಟು ಕಡಿಮೆ. ಅದು ಬೇಗ ಮುಗಿಯುತ್ತದೆ, ಪ್ಲಾಸ್ಟರ್ ಹೊಸದನ್ನು ಒಳಗೆ ಬಿಡುವುದಿಲ್ಲ. ಕ್ಯಾಥೋಡ್ ಮೇಲಿನ ಪ್ಲಾಸ್ಟರನ್ನು ಕತ್ತರಿಸಿ ಕಿಟಕಿ ಮಾಡಿ. ಬಟ್ಟೆಯ ಒಳಮೈ ಜೆಲ್‌ಗೆ ತಾಗಲಿ, ಹೊರಮೈ ಒಣಗಿರಲಿ. ಜೆಲ್ ಹೊರಕ್ಕೆ ಜಿನುಗಿ ಬಟ್ಟೆಯ ರಂಧ್ರ ತುಂಬಿದರೂ ಇದೇ ಗತಿ.

ಬೆವರಿನ ಲ್ಯಾಕ್ಟೇಟ್‌ನಿಂದ ನಡೆಯುವ ಪ್ಯಾಚ್ ಆಗಿದ್ದರೆ ಇನ್ನೊಂದು ತಲೆನೋವು ಇರುತ್ತಿತ್ತು. ಅದರ ಆನೋಡ್‌ಗೆ ಹಾಕುವ ಲ್ಯಾಕ್ಟೇಟ್ ಆಕ್ಸಿಡೇಸ್ ತನ್ನ ಎಲೆಕ್ಟ್ರಾನ್‌ಗಳನ್ನು ಎಲೆಕ್ಟ್ರೋಡ್‌ಗೆ ಕೊಡುವ ಬದಲು ಆಮ್ಲಜನಕಕ್ಕೇ ಕೊಟ್ಟುಬಿಡುತ್ತದೆ. ನಿಮ್ಮ ಆನೋಡ್ ಕಿಣ್ವಕ್ಕೆ ಆ ಚಾಳಿ ಇಲ್ಲ, ಧೈರ್ಯವಾಗಿ ಗಾಳಿ ಬಿಡಿ.

ಪ್ರಶ್ನೆ ಕೇಳಿದವರು
ಕಿಟಕಿ ಮಾಡಿದೆ. ಅದೇ ರೆಸಿಸ್ಟರ್‌ಗೆ 0.41 ವೋಲ್ಟ್, ಅರ್ಧ ಗಂಟೆಯಾದರೂ ನಿಂತಿದೆ! ತುಂಬಾ ಥ್ಯಾಂಕ್ಸ್ ಮೇಡಂ. ಕೈಗೆ ಅಂಟಿಸಿ ನೋಡಲಾ?

ಉತ್ತರ 2
ಬೇಡ. ಮನೆಯಲ್ಲಿ ಮಾಡಿದ್ದನ್ನು ಮೈಗೆ ಹಚ್ಚಬೇಡಿ, ಮದ್ದು ಸೇರಿಸಿದ್ದಂತೂ ಬೇಡವೇ ಬೇಡ. ಮದ್ದಿನ ಬದಲು ಬಣ್ಣ ಹಾಕಿ, ಚರ್ಮದ ಬದಲು ಉಪ್ಪುನೀರು ಬೆರೆಸಿದ ಅಗಾರ್ ಜೆಲ್ ಮೇಲಿಟ್ಟು ಬಣ್ಣ ಎಷ್ಟು ಆಳ ಇಳಿಯುತ್ತದೆ ನೋಡಿ. ಪಕ್ಕದಲ್ಲೇ ಕರೆಂಟ್ ಇಲ್ಲದ ಇನ್ನೊಂದು ಪ್ಯಾಚ್ ಇಡಿ. ಬಣ್ಣ ತಾನಾಗಿಯೂ ಇಳಿಯುತ್ತದೆ, ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಫಲಿತಾಂಶ.